ಏಳು ಅಂದರೆ ಏಳು

ನಾಲ್ಕನೇ ತರಗತಿಯ ಲೆಕ್ಕದ ಟೀಚರಿಗೆ ಹೆದರಿಕೆಯಾದರೆ ನಗು ಬರುತ್ತದೆ. ತುಟಿಯಂಚಿನ ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಕೆಲಸದ ಸಂದರ್ಶನದಲ್ಲಿ ನಕ್ಕಿದ್ದರು, ಹಲ್ಲು ಕೀಳುವ ಡಾಕ್ಟರ ಕುರ್ಚಿಯಲ್ಲಿ ನಕ್ಕಿದ್ದರು. ಚಿಕ್ಕವರಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರೆ ಅಲ್ಲೂ ನಕ್ಕು, ನಕ್ಕಿದ್ದಕ್ಕೆ ಬೇರೆ ಎರಡೇಟು ತಿಂದಿದ್ದರು. ತಾನು ಟೀಚರಾದರೆ ಮಕ್ಕಳು ಲೆಕ್ಕದ ಹೊತ್ತಿನಲ್ಲಿ ಹೆದರದೇ ನಗಬೇಕು ಎಂದು ಅಂದೇ ಅವರು ನಿಶ್ಚಯ ಮಾಡಿಕೊಂಡದ್ದು.

ಹಾಗಾಗಿ ಅವರ ಮೇಜಿನ ಮೇಲೆ ಬೆತ್ತವಿಲ್ಲ, ದಾಳಗಳಿವೆ. ಬಡಗಿ ಕೆಲಸದ ತಮ್ಮ ಮುರಿದ ಕುರ್ಚಿಕಾಲುಗಳನ್ನು ಕೊಯ್ದು ಉಜ್ಜಿ ಮಾಡಿಕೊಟ್ಟ, ನಿಂಬೆಹಣ್ಣಿನ ಗಾತ್ರದ ದಾಳಗಳು. ಚುಕ್ಕೆಗಳನ್ನು ಟೀಚರೇ ಉಗುರುಬಣ್ಣದಲ್ಲಿ ಇಟ್ಟರು. ಅರ್ಧ ದಾಳಗಳು ಕೆಂಪು, ಇನ್ನರ್ಧ ಗುಲಾಬಿ, ಯಾಕೆಂದರೆ ನಡುವೆ ಬಾಟಲಿ ಖಾಲಿಯಾಯಿತು.

ಆಟದ ಹೆಸರು ‘ಏಳು’. ಒಂದು ಕೆಂಪು, ಒಂದು ಗುಲಾಬಿ ದಾಳ ಉರುಳಿಸಿ ಕೂಡಿಸಬೇಕು. ಮೊತ್ತ ಏಳಾದರೆ ಉರುಳಿಸಿದವರು “ಏಳು!” ಎಂದು ಕೂಗಬೇಕು, ಇಡೀ ತರಗತಿ ದಡಾರನೆ ಎದ್ದು ನಿಲ್ಲಬೇಕು. ಎಲ್ಲರಿಗಿಂತ ಕೊನೆಗೆ ಎದ್ದವರು, ಏಳು ಎಷ್ಟು ರೀತಿಯಲ್ಲಿ ಬೀಳುತ್ತದೆಂದು ಹೇಳಬೇಕು. ಯಾರಾದರೂ ‘ಯಾಕೆ’ ಎಂದರೆ ಅದನ್ನೂ ಬಿಡಿಸಿ ಹೇಳಬೇಕು. ಕೆಳಗಿನ ಕೋಣೆಯಲ್ಲಿ ಕೂರುವ ಹೆಡ್‌ಮಾಸ್ಟರ ಚಹಾದೊಳಗೆ ವಾರಕ್ಕೆ ಎರಡು ಸಲವಾದರೂ ಸೂರಿನ ಸುಣ್ಣ ಉದುರುತ್ತಿತ್ತು. ಒಳ್ಳೆಯ ಮನುಷ್ಯ, ಲೋಟದ ಮೇಲೊಂದು ತಟ್ಟೆ ಮುಚ್ಚಿಕೊಂಡು ಸುಮ್ಮನಿದ್ದರು.

ಆದರೆ ಆ ಪತ್ರ ಬಂದ ಮೇಲೆ ಅವರೂ ಸುಮ್ಮನಿರಲಾಗಲಿಲ್ಲ. ಬರೆದವರು ಬಸ್ ಡ್ರೈವರ್, ತರಗತಿಯಲ್ಲಿ ಎಲ್ಲರಿಗಿಂತ ಪುಟ್ಟವಳಾದ ಗುಬ್ಬಿಯ ಅಪ್ಪ. ‘ಶಾಲೆಯಲ್ಲಿ ನನ್ನ ಮಗಳಿಗೆ ಜೂಜು ಕಲಿಸುತ್ತಿದ್ದಾರೆ. ಮನೆಗೆ ಬಂದು ನನ್ನ ಜೊತೆ ಪಂದ್ಯ ಕಟ್ಟುತ್ತಾಳೆ. ಒಬ್ಬೊಬ್ಬರು ಒಂದೊಂದು ಮೊತ್ತ ಹಿಡಿಯಬೇಕು, ದಾಳದಲ್ಲಿ ಯಾರದು ಮೊದಲು ಬೀಳುತ್ತದೋ ಅವರು ಗೆದ್ದಂತೆ. ಸೋತವರು ಪಾತ್ರೆ ತೊಳೆಯಬೇಕು. ಹನ್ನೊಂದು ದಿನದಿಂದ ನಾನೇ ತೊಳೆಯುತ್ತಿದ್ದೇನೆ.’

“ಗುರುವಾರ ಮೇಲಧಿಕಾರಿ ಬರ್ತಾರೆ,” ಎಂದರು ಹೆಡ್‌ಮಾಸ್ಟರು. “ಅವರು ಜೂಜು ಅಂತ ಬರೆದ್ರೆ ನನ್ನ ಕೈಲಿ ಏನೂ ಇಲ್ಲಮ್ಮ. ನಾಲ್ಕನೇ ತರಗತಿ ಬೇರೆಯವರಿಗೆ. ನೀವು ಸ್ಟೋರ್ ರೂಮಿಗೆ.”

ಟೀಚರ್ ಬಿದ್ದು ಬಿದ್ದು ನಕ್ಕರು. ಆ ಮೂವತ್ತೊಂದು ಮಕ್ಕಳನ್ನು ಬಿಟ್ಟು ಸೀಮೆಸುಣ್ಣದ ಡಬ್ಬಿ ಎಣಿಸುತ್ತ ಕೂರುವುದೆಂದರೆ ಅವರಿಗೆ ಜೀವವೇ ಹೋದ ಹಾಗೆ.

ಗುರುವಾರ ಬಂದೇ ಬಂತು. ಅಧಿಕಾರಿ ಮೇಡಂ ಒಳಗೆ ಬಂದರು, ಅವರ ಹಿಂದೆ ಹೆಡ್‌ಮಾಸ್ಟರು. ಡ್ರೈವರ್ ಯೂನಿಫಾರಂನಲ್ಲೇ ಬಂದು ಬಾಗಿಲಿಗೆ ಒರಗಿ ನಿಂತರು. ಮಕ್ಕಳು ನಮಸ್ಕಾರ ಹೇಳಿ ಕೂತರು. ಉಸಿರಾಡುವುದೂ ಕೇಳುವಷ್ಟು ಶಿಸ್ತು. ಟೀಚರಿಗೆ ಸ್ವಲ್ಪ ಧೈರ್ಯ ಬಂತು.

ಮೇಡಂ ಫೈಲು ತೆರೆದು ಮೊದಲ ಬೆಂಚಿನ ಹುಡುಗನತ್ತ ಬೆರಳು ತೋರಿಸಿ ಗಟ್ಟಿಯಾಗಿ ಅಂದರು: “ಏಳು!”

ದಡಾರ್! ಇಡೀ ತರಗತಿ ಎದ್ದು ನಿಂತಿತು. ಮೇಡಮ್ಮಿನ ಪೆನ್ನು ಕೈತಪ್ಪಿ ಬಿತ್ತು. ಪೆನ್ಸಿಲ್ ಕೆತ್ತುತ್ತಿದ್ದ ಗುಬ್ಬಿ ಎಲ್ಲರಿಗಿಂತ ಕೊನೆಗೆ ಎದ್ದಳು, ಎದ್ದವಳೇ ನಿಯಮದ ಪ್ರಕಾರ ಕೂಗಿದಳು: “ಆರು!”

“ಏನು ಆರು? ನಾನು ಇವನಿಗೆ ಏಳು ಅಂದೆ.”

“ಹೌದು ಮೇಡಂ, ಏಳಕ್ಕೇ ಆರು.”

“ಏಳು ಅಂದ್ರೆ ಏಳು ಕಣೇ! ಆರು ಎಲ್ಲಿಂದ ಬಂತು?” ಮೇಡಮ್ಮಿನ ಮುಖ ಕೆಂಪೇರಿತು. “ಏನು ಟೀಚರ್, ತಮಾಷೆ ಮಾಡೋದು ಕಲಿಸಿದ್ದೀರಾ?”

ಟೀಚರ್ ಬಾಯಿ ತೆರೆದರು. ಬಂದದ್ದು ನಗು. ಸೆರಗು ಬಾಯಿಗೆ ಒತ್ತಿಕೊಂಡರು, ಗೋಡೆ ಕಡೆ ತಿರುಗಿದರು, ಹೆಗಲು ಮಾತ್ರ ಕುಲುಕುತ್ತಲೇ ಇತ್ತು. ಅವರನ್ನು ನೋಡಿ ಮೂವತ್ತೊಂದು ಮಕ್ಕಳೂ ಕಿಸಕ್ಕನೆ ನಕ್ಕರು. ಎಲ್ಲ ಮುಗಿಯಿತು, ಸ್ಟೋರ್ ರೂಮೇ ಗತಿ ಎಂದುಕೊಂಡಷ್ಟೂ ಟೀಚರಿಗೆ ನಗು ಉಕ್ಕಿತು. ಮೇಡಂ ಪೆನ್ನು ಎತ್ತಿಕೊಂಡು ಫೈಲಿನಲ್ಲಿ ಸರಸರ ಬರೆಯತೊಡಗಿದರು.

ಆಗ ಬಾಗಿಲ ಬಳಿಯಿಂದ ಡ್ರೈವರ್ ಕೇಳಿದರು, “ಆರು ಯಾಕೆ, ಮಗಳೇ?”

‘ಯಾಕೆ’ ಎಂದ ಮೇಲೆ ಗುಬ್ಬಿ ಬಿಡುತ್ತಾಳೆಯೇ? ಬೆರಳು ಮಡಚಿದಳು. “ಕೆಂಪು ಒಂದು, ಗುಲಾಬಿ ಆರು. ಕೆಂಪು ಎರಡು, ಗುಲಾಬಿ ಐದು. ಮೂರಕ್ಕೆ ನಾಲ್ಕು, ನಾಲ್ಕಕ್ಕೆ ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಆರು ರೀತಿ ಬೀಳತ್ತಪ್ಪ. ಹನ್ನೆರಡು ಬೀಳೋದು ಒಂದೇ ರೀತಿ, ಎರಡೂ ಆರೇ ಬೀಳಬೇಕು.”

ಡ್ರೈವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಣೆ ಹಣೆ ಚಚ್ಚಿಕೊಂಡರು. “ಅಯ್ಯೋ! ನಾನು ದಿನಾ ಹನ್ನೆರಡೇ ಹಿಡಿದು ಕೂತಿದ್ನಲ್ಲ! ಎಲ್ಲಕ್ಕಿಂತ ದೊಡ್ಡದು, ಅದೇ ಗೆಲ್ಲತ್ತೆ ಅಂತ! ಇದನ್ನ ಮನೇಲಿ ಯಾಕೆ ಹೇಳಲಿಲ್ಲ ನೀನು?”

“ನೀನು ಯಾಕೆ ಅಂತ ಕೇಳಲೇ ಇಲ್ವಲ್ಲಪ್ಪ. ಇನ್ನೊಂದಾಟ, ಇನ್ನೊಂದಾಟ ಅಂತಿದ್ದೆ.”

ಮೇಡಮ್ಮಿನ ಪೆನ್ನು ನಿಂತಿತು. ಅವರು ತಲೆಯೆತ್ತಿ ಡ್ರೈವರನ್ನು, ಆಮೇಲೆ ಗುಬ್ಬಿಯನ್ನು ನೋಡಿದರು. “ಜೂಜು ಆಗಿದ್ದು ನಿಜ ಕಣ್ರೀ. ಆದ್ರೆ ಆಡಿದ್ದು ನೀವು. ಈ ಮಗು ಲೆಕ್ಕ ಮಾಡಿದೆ.” ಬರೆದ ಹಾಳೆಯನ್ನು ಪರ್ರನೆ ಹರಿದು ಹೆಡ್‌ಮಾಸ್ಟರ ಕೈಗಿಟ್ಟರು. “ಈ ತರಗತಿ ಇವರ ಹತ್ತಿರಾನೇ ಇರಲಿ ಸಾರ್. ಮತ್ತೆ, ಆ ದಾಳ ಸ್ವಲ್ಪ ಇಲ್ಲಿ ಕೊಡಿ, ನಾನೂ ಒಂದ್ಸಲ ಉರುಳಿಸ್ತೀನಿ.”

ಟೀಚರ್ ನೆಲಕ್ಕೆ ಕುಸಿದು ಕೂತರು. ನಗು ನಿಂತುಹೋಗಿ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅವರಿಗೆ ಅಷ್ಟು ಸಂತೋಷವಾಗಿತ್ತು.

“ಹಾಗಾದ್ರೆ ಇವತ್ತು ಸಂಜೆ ಏಳು ನನಗೆ,” ಎಂದರು ಡ್ರೈವರ್, ಅಂಗಿಯ ತೋಳು ಮಡಚುತ್ತ.

“ಏಳು ನಂದು,” ಎಂದಳು ಗುಬ್ಬಿ. ಅಪ್ಪನ ಸಪ್ಪೆ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. ಪೆನ್ಸಿಲ್ ಕಚ್ಚಿ, ಕಣ್ಣು ಮೇಲೆ ಮಾಡಿ, ತುಟಿಯಲ್ಲೇ ಏನೋ ಎಣಿಸಿಕೊಂಡಳು. “ನೀನು ಆರು ತಗೋಪ್ಪ. ಅದಕ್ಕೆ ಐದು ದಾರಿ ಇದೆ.”

ಟೀಚರ್ ಕೂತಲ್ಲೇ ತಲೆಯೆತ್ತಿದರು. ಆರರ ಲೆಕ್ಕವನ್ನು ಅವರು ಇನ್ನೂ ಪಾಠ ಮಾಡಿರಲೇ ಇಲ್ಲ.