ಹಿತ್ತಲ ಮೊಲದ ಪ್ರತಿಕಾಯ

ಎಂಬತ್ತರ ದಶಕದ ನಡುವೆ ಕೆಲವು ತಿಂಗಳು ಜೀವಶಾಸ್ತ್ರದ ಭವಿಷ್ಯವು ಶ್ರೀನಿವಾಸಪುರದ ಒಂದು ಹಿತ್ತಲಲ್ಲಿ ಕುಳಿತು ಹಿಪ್ಪುನೇರಳೆ ಎಲೆ ಮೆಲ್ಲುತ್ತಿತ್ತು. ಅದೊಂದು ಬಿಳಿ ಮೊಲ. ನಾನು ಆಗ ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಬೆಂಗಳೂರಿನ ಗುರುಗಳೊಬ್ಬರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಅವರಲ್ಲಿ ಜಾಗವಿಲ್ಲದ ಕಾರಣ ಮೊಲ ನನ್ನ ಬಾಡಿಗೆ ಮನೆಗೆ ಬಂದಿತ್ತು.

"ಇದ್ಯಾಕೆ ಮೇಷ್ಟ್ರೇ? ಸಾರಿಗಾ?" ಎಂದರು ಮನೆಯೊಡತಿ. ಸೊಪ್ಪು ಬೆಳೆದು ಮಾರುವ ಹೆಂಗಸು. ಆ ಹೊತ್ತಿಗೆ ಜಗಲಿಯಲ್ಲಿ ಕೊತ್ತಂಬರಿ ಕಂತೆ ಕಟ್ಟುತ್ತಿದ್ದದ್ದು ನನಗೆ ಅನುಕೂಲವಾಯಿತು.

"ಕರುಳಿನ ಒಳಮೈ ಮೇಲೆ ಕಣ್ಣಿಗೆ ಕಾಣದ ಪುಟ್ಟ ಬೆರಳುಗಳಿರ್ತವಮ್ಮಾ. ಅದರೊಳಗೆ ಆಕ್ಟಿನ್ ಅನ್ನೋ ಎಳೆಗಳು. ಅವನ್ನ ಹೀಗೆ ಕಂತೆ ಕಟ್ಟೋ ಪ್ರೋಟೀನಿಗೆ ವಿಲ್ಲಿನ್ ಅಂತಾರೆ. ಕೋಳಿ ಕರುಳಿಂದ ಅದನ್ನ ತೆಗೆದು ಮೊಲಕ್ಕೆ ಚುಚ್ಚಿದ್ರೆ, ಅದನ್ನ ಹಿಡಿಯೋಕೆ ಮೊಲದ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತೆ."

"ಅಂದ್ರೆ ವಿಲನ್‌ನ ಹಿಡಿಯೋಕೆ ಪೊಲೀಸು!"

ನನ್ನ ಸಂಶೋಧನೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಮುಗಿಸಿರಲಿಲ್ಲ.

ಮೊಲಕ್ಕೆ ಸೂಜಿ ಚುಚ್ಚುವ ಹಕ್ಕು ನನ್ನದಾಗಿಯೂ ಮುದ್ದಿಸುವ ಹಕ್ಕು ಅವರದಾಗಿಯೂ ಕೆಲವು ವಾರ ಶಾಂತಿ ನೆಲೆಸಿತ್ತು. ಒಂದು ದಿನ ನಾನೇ ಬಾಯಿ ಜಾರಿದೆ. ಪ್ರತಿಕಾಯ ಚೆನ್ನಾಗಿ ಬಂದಿದ್ದರೆ ಮೊಲದ ಪೂರ್ತಿ ರಕ್ತ ತೆಗೆಯಬೇಕೆಂಬುದು ಗುರುಗಳ ಅಪ್ಪಣೆ ಎಂದೆ.

"ಪೂರ್ತಿ ತೆಗೆದ್ರೆ ಬದುಕತ್ತಾ?"

ನಾನು ವಿಜ್ಞಾನಕ್ಕಾಗಿ ಮಾಡಬೇಕಾದ ತ್ಯಾಗದ ಬಗ್ಗೆ ಎರಡು ಮಾತು ಆರಂಭಿಸಿದೆ.

"ಪಾಪಂ ರಾ!" ಕೋಪ ಬಂದಾಗ ಅವರಿಗೆ ತೆಲುಗು ಬರುತ್ತಿತ್ತು. "ಏನ್ಲಾ, ತ್ಯಾಗ ಮಾಡೋನು ನೀನಾ, ಮೊಲಾನಾ?"

ಮೇಷ್ಟ್ರು ಹುದ್ದೆಯಿಂದ 'ಏನ್ಲಾ' ಹುದ್ದೆಗೆ ನನ್ನ ಹಿಂಬಡ್ತಿ ಹೀಗಾಯಿತು. ಅಂದಿನಿಂದ ಅವರು ದಿನಾ ನನಗೆ ಕೇಳುವ ಹಾಗೆ, ಆ ರಕ್ತದಲ್ಲಿ ಏನೂ ಸಿಗದಿರಲಿ ಎಂದು ದೇವರನ್ನು ಬೇಡತೊಡಗಿದರು. ಏನೂ ಸಿಗದಿದ್ದರೆ ಮುಳುಗುವುದು ನನ್ನ ಸಂಶೋಧನೆ, ಸಿಕ್ಕರೆ ಮೊಲ.

ಕಿವಿಯ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆದು, ಅದರ ಮೇಲೆ ನಿಲ್ಲುವ ತಿಳಿಯನ್ನು, ಅಂದರೆ ಸೀರಮ್ಮನ್ನು, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ. ಬೆಂಗಳೂರಿನ ಕತ್ತಲೆ ಕೋಣೆಯಲ್ಲಿ, ಪ್ರತಿಕಾಯ ಅಂಟಿದ ಕಡೆ ಮಾತ್ರ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಕೋಳಿ ಕರುಳಿನ ಕೋಶಗಳ ಮೈಯೆಲ್ಲ ಕಪ್ಪು, ಅಂಚು ಮಾತ್ರ ಸೀರೆಯ ಜರಿಯ ಹಾಗೆ ಹಸಿರಾಗಿ ಹೊಳೆಯುತ್ತಿತ್ತು. ವಿಲ್ಲಿನ್ ಸಿಕ್ಕಿಬಿದ್ದಿತ್ತು. ಯಾರನ್ನೂ ಹೊಗಳದ ಗುರುಗಳು "ಹೂಂ" ಎಂದರು. ನಾನು ಹಿಗ್ಗಿ ಮುಗಿಸುವ ಮೊದಲೇ, "ಸರಿ, ಪೂರ್ತಿ ತೆಗೆದುಬಿಡಿ" ಎಂದರು.

"ಸಾರ್, ಇಷ್ಟು ಒಳ್ಳೆ ಪ್ರತಿಕಾಯ ಇನ್ನೊಂದು ಮೊಲ ಕೊಡುತ್ತೆ ಅಂತ ಏನು ಖಾತ್ರಿ? ತಿಂಗಳಿಗೊಮ್ಮೆ ಕಿವಿಯಿಂದಲೇ ತೆಗೀಬಹುದಲ್ಲ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಇದೇನು ವಿಜ್ಞಾನವೋ, ದಯೆಯೋ?"

"ಭಯ ಸಾರ್. ಮನೆ ಓನರಮ್ಮನದು."

ಗುರುಗಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆಗಲಿ. ಮೊಲ ನಿಮ್ಮ ಹೊಣೆ, ಸೀರಮ್ ನನ್ನದು."

ಊರಿಗೆ ಬಂದಾಗ ಮನೆಯೊಡತಿ ಮೊಲದ ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದರು. ಪ್ರತಿಕಾಯ ಸಿಕ್ಕಿತೆಂದಾಗ ಅವರ ಮುಖ ಬಾಡಿತು. ಮೊಲವೂ ಉಳಿಯಿತು, ತಿಂಗಳಿಗೊಮ್ಮೆ ಕಿವಿಯಿಂದ ಸ್ವಲ್ಪ ರಕ್ತ ಕೊಟ್ಟರೆ ಸಾಕು ಎಂದಾಗ, ಅದೇ ಮುಖ ಅರಳಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿತು.

"ತಿಂಗಳಿಗೊಂದು ಸಲ ತೆಗೆಯೋದಾದ್ರೆ ನಾನೇ ತೊಡೆ ಮೇಲೆ ಕೂರಿಸ್ಕೋತೀನಿ," ಎಂದರು. "ನೀನು ಮಾತ್ರ ಕೈ ನಡುಗಿಸ್ಬೇಡ."

ಮುಂದಿನ ತಿಂಗಳು ಹಾಗೇ ಕೂರಿಸಿಕೊಂಡು ಸೆರಗಿನಿಂದ ಅದರ ಕಣ್ಣು ಮುಚ್ಚಿದರು. ಮೊಲ ಕದಲಲಿಲ್ಲ. ಅವರ ಕಣ್ಣು ನನ್ನ ಮೇಲಿತ್ತು, ನನ್ನ ಕೈ ನಡುಗಿತು.