ಮಗಳ ತಲೆ ಮೇಲಿನ ಆಣೆ

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಸರಿಯಾಗಿ ಉರಿಯದ ವರ್ಷ ಅದು. ಮಳೆ ಜಾಸ್ತಿಯಾಗಿ ಸೊಪ್ಪು ಹೊಲದಲ್ಲೇ ಕೊಳೆತಿತ್ತು. ಕಡ್ಡಿಗೆ ಸೊಪ್ಪು ಕಟ್ಟುವ ಕೂಲಿಯೂ ಇಲ್ಲ ಅಂದರೆ ನಮ್ಮಂಥ ಹೆಂಗಸರು ಏನು ತಿನ್ನೋದು? ಗಂಡ ಬೆಳಕು ಹರಿಯುವ ಮುಂಚೆ ಕೊಡಗಿನ ತೋಟದ ಜೀಪು ಹತ್ತುತ್ತಿದ್ದ. ನಾನು ಕೈಗೂಸನ್ನು ಇಟ್ಟುಕೊಂಡು ಮನೆಯಲ್ಲಿ ಕೂತಿದ್ದೆ.

ಆಗಲೇ ಎಲೆಕ್ಷನ್ ಬಂತು. ಗೆದ್ದರೆ ಊರ ಪಕ್ಕದಲ್ಲೇ ಗಾರ್ಮೆಂಟ್ಸ್ ಶುರು ಮಾಡಿಸ್ತೀನಿ ಅಂದ ನಮ್ಮ ಕಡೆಯ ಮುಖಂಡ. ನಂಬಿದೆ. ಸುಮ್ಮನೆ ನಂಬಿದ್ದಲ್ಲ, ಬೀದಿ ಬೀದಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಓಟಿನ ಹಿಂದಿನ ದಿನ ಹೆಂಗಸರನ್ನೆಲ್ಲ ಮಾರಮ್ಮನ ಗುಡಿ ಮುಂದೆ ಸೇರಿಸಿ ಸೀರೆ ಹಂಚಿದರು. ನಮ್ಮಲ್ಲಿ ಸೀರೆ ಈಸಿಕೊಂಡ ಮೇಲೆ ಕರ್ಪೂರ ಮುಟ್ಟಿ ಆಣೆ ಮಾಡಬೇಕು. ಪಕ್ಷ ಬಿಡೋದಿಲ್ಲ ಅಂತ ಮುಖಂಡನೇ ಮೊದಲು ಮುಟ್ಟಿದ. ನನ್ನ ಸರದಿ ಬಂದಾಗ ಅವನ ಕಡೆಯ ಒಬ್ಬ, "ಕರ್ಪೂರ ಎಲ್ರೂ ಮುಟ್ತಾರೆ ಕಣವ್ವ, ನೀನು ಮಗೀನ ತಲೆ ಮ್ಯಾಲೆ ಕೈ ಮಡ್ಗಿ ಯೋಳು" ಅಂದ. ಯಾವ ಉಮೇದೋ ಏನೋ, ಮಡಗಿದೆ. "ಸಾಯೋಗಂಟ ಇದೇ ಗುರುತಿಗೇ ಓಟು ತಾಯಿ" ಅಂತ ಅಂದೂ ಬಿಟ್ಟೆ.

ಅವನು ಗೆದ್ದ. ಗಾರ್ಮೆಂಟ್ಸೂ ಇಲ್ಲ, ಏನೂ ಇಲ್ಲ. ಆಮೇಲೆ ನೋಡಿದರೆ ಟೀವಿಯಲ್ಲಿ ಬೇರೆ ಪಕ್ಷದ ಶಾಲು ಹೊದ್ದು ನಗುತ್ತಾ ನಿಂತಿದ್ದಾನೆ, ಮೂರೂ ಬಿಟ್ಟವನು! ಮಾರಮ್ಮ ಸುಮ್ಮನೆ ಬಿಡ್ತಾಳಾ ಅಂತ ಕಾದೆ. ಅವನಿಗೆ ಒಂದು ನೆಗಡಿಯೂ ಬರಲಿಲ್ಲ. ಹುಣಸೂರು ರಸ್ತೆಯಲ್ಲಿ ಅವನದೇ ಕಲ್ಯಾಣ ಮಂಟಪ ಎದ್ದಿತು.

ಮುಂದಿನ ಎಲೆಕ್ಷನ್ ಬಂದಾಗ ಆ ಹಳೇ ಗುರುತಿನಿಂದ ನಿಂತಿದ್ದವನು ಹೊಗೆಸೊಪ್ಪಿನ ದಲ್ಲಾಳಿ. ಕೂಲಿ ಕೇಳಿದ್ದಕ್ಕೆ ನನ್ನ ಅಣ್ಣನಿಗೆ ಆಳುಗಳ ಕೈಲಿ ಹೊಡೆಸಿದ್ದ ಪಾಪಿ. "ಯಾರ್ಗೂ ಹಾಕ್ಬ್ಯಾಡ ಬುಡು, ಎಲ್ಲಾ ಒಂದೇ ಮುಂಡೇವು" ಅಂದ ನನ್ನ ಗಂಡ. ನನಗೂ ಅದೇ ಸರಿ ಅನ್ನಿಸಿತ್ತು.

ಆದರೆ ಓಟಿನ ವಾರದಲ್ಲೇ ಮಗಳಿಗೆ ಜ್ವರ ಬಂತು. ಆಗ ಅವಳು ಒಂದನೇ ಕ್ಲಾಸು. ಡಾಕ್ಟರು ವೈರಲ್ ಫೀವರ್, ಹೆದರಬೇಡಿ ಅಂದರು. ಹೆದರದೆ ಇರೋದು ಹೆಂಗೆ? ಮಾತ್ರೆ ಕೊಟ್ಟರೆ ಇಳಿಯೋದು, ಮತ್ತೆ ಏರೋದು. ಮೈ ಸುಡುತ್ತಿದ್ದಾಗ ಅವಳ ತಲೆ ಮುಟ್ಟಲೂ ನನಗೆ ಭಯ. ಆಣೆ ಮಾಡಿದ ಸಂಗತಿ ಗಂಡನಿಗೂ ಹೇಳಿರಲಿಲ್ಲ.

ಓಟಿನ ದಿನ ಜ್ವರದ ಕೂಸನ್ನೇ ಹೆಗಲಿಗೆ ಹಾಕಿಕೊಂಡು ಹೋದೆ. ಮಿಷನ್ನಿನ ಮುಂದೆ ನಿಂತೆ. ಅಣ್ಣನ ಒಡೆದ ಹಣೆ ಕಣ್ಣ ಮುಂದೆಯೇ ಇತ್ತು. ಆದರೂ ಆ ದಲ್ಲಾಳಿಯ ಗುರುತನ್ನೇ ಒತ್ತಿದೆ.

ಹೊರಗೆ ಬಂದರೆ ಸ್ಕೂಲ್ ಗೇಟಿನಾಚೆ ಮುಖಂಡ ಕೈಮುಗಿದು ನಿಂತಿದ್ದ. ಬಿಳಿ ಬಟ್ಟೆ, ಹೊಸ ಶಾಲು, ಅದೇ ನಗು.

"ಏನಕ್ಕಾ, ಪಾಪು ಮಂಕಾಗೈತೆ? ಉಸಾರಿಲ್ವಾ?" ಅಂತ ಹತ್ತಿರ ಬಂದು ಅವಳ ತಲೆ ಸವರಲು ಕೈ ಚಾಚಿದ.

"ಮುಟ್ಬ್ಯಾಡಿ!" ಅಂತ ಕಿರುಚಿಬಿಟ್ಟೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೊಲೀಸಿನವರು ಬಂದು ಏನಾಯ್ತಮ್ಮ ಅಂದರು. ಏನು ಅಂತ ಹೇಳಲಿ? ಮಗಳ ತಲೆ ಮೇಲೆ ಸೆರಗು ಎಳೆದುಕೊಂಡು ಮನೆ ಕಡೆ ಓಡಿದೆ.