ಬೆಲೆ ಕೆರೆದ ಸೋಪು

ಇವತ್ತು ಬೆಳಿಗ್ಗೆ ಮದುವೆಮನೆಗೆ ಹೊರಟ ಅವ್ವನಿಗೆ ಸೀರೆ ತೆಗೆದುಕೊಡಲು ಬೀರು ತೆರೆದೆ. ಗಂಧದ ಸೋಪಿನ ವಾಸನೆ ಘಮ್ಮೆಂದು ಬಂತು. ಬೇರೆಯವರಿಗಾದರೆ ಈ ವಾಸನೆಗೆ ದೇವರ ಮನೆ ನೆನಪಾದೀತು. ನನಗೆ ಹೊಟ್ಟೆ ಉರಿಯುತ್ತದೆ. ವಯಸ್ಸು ಐವತ್ತೇಳಾಯಿತು. ಮತ್ಸರ ಪಡಬಾರದು ಎಂದು ಮದ್ದೂರಿನ ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವ ಟೀಚರಮ್ಮ ನಾನು. ಆದರೂ ಉರಿಯುತ್ತದೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ವಾಸನೆ ಬರುವುದು ಅವ್ವ ಸೀರೆಗಳ ನಡುವೆ ಜೋಪಾನ ಮಾಡಿರುವ ಸೋಪುಗಳಿಂದ. ಎಲ್ಲವೂ ನನ್ನ ತಂಗಿ ಸುಧಾ ಮಸ್ಕತ್ತಿನಿಂದ ತಂದುಕೊಟ್ಟವು. ಅವಳ ಗಂಡ ಅಲ್ಲಿ ಕಾರು ರಿಪೇರಿ ಮಾಡುತ್ತಾನೆ. ವರ್ಷಕ್ಕೊಮ್ಮೆ ಬರುತ್ತಾಳೆ, ಹದಿನೈದು ದಿನ ಇರುತ್ತಾಳೆ, ಹೋಗುವಾಗ ಅವ್ವನನ್ನು ಅಳಿಸಿ ಹೋಗುತ್ತಾಳೆ. ಉಳಿದ ದಿನವೆಲ್ಲ ಮಂಡ್ಯದ ಈ ಮನೆಯಲ್ಲಿ ಅವ್ವನಿಗೆ ಮಾತ್ರೆ ಕೊಟ್ಟು, ಬೆನ್ನು ಉಜ್ಜಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈಸಿಕೊಳ್ಳುವವಳು ನಾನು.

ಆ ಸೋಪೇನು ಅಪರೂಪದ್ದಲ್ಲ. ನಮ್ಮ ಸೀಮೆಯಲ್ಲೇ ತಯಾರಾಗುವ ಗಂಧದ ಸೋಪು. ಪೇಟೆ ಬೀದಿಯ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ತಿಂಗಳ ದಿನಸಿ ಚೀಟಿಯಲ್ಲಿ ನಾನು ಬರೆಯುವುದೂ ಅದನ್ನೇ. ಆದರೆ ನಾನು ತಂದದ್ದು ಬಚ್ಚಲಿಗೆ ಹೋಗುತ್ತದೆ, ಸುಧಾ ತಂದದ್ದು ಬೀರುವಿಗೆ ಹೋಗುತ್ತದೆ.

ಮೊದಲ ವರ್ಷ ಅವಳು ಅದನ್ನು ಪೆಟ್ಟಿಗೆಯಿಂದ ತೆಗೆದಾಗ ನಾನು ನಕ್ಕಿದ್ದೆ. ನಮ್ಮ ಊರಿನ ಸೋಪು ಸಮುದ್ರ ದಾಟಿ ಹೋಗಿ, ವಿಮಾನ ಹತ್ತಿ ತೌರಿಗೆ ಬಂದಿದೆಯಲ್ಲ ಎಂದು. ಅವ್ವ ನಗಲಿಲ್ಲ. ಅಲ್ಲಿ ಇದಕ್ಕೆ ಎಷ್ಟು ಎಂದು ಕೇಳಿದಳು. ಸುಧಾ ಬೆರಳು ಮಡಚಿ ಲೆಕ್ಕ ಹಾಕಿ, ಇಲ್ಲಿಯ ಮೂರರಷ್ಟು ಅಂದಳು. ಮಳವಳ್ಳಿ ಸಂತೆಯಲ್ಲಿ ನಾಲ್ಕಾಣೆಗೆ ಅರ್ಧ ಗಂಟೆ ಚೌಕಾಸಿ ಮಾಡಿ ಮಕ್ಕಳನ್ನು ಸಾಕಿದ ನಮ್ಮವ್ವ, ದಂಡ ಮಾಡಿದೆಯಲ್ಲೇ ಎಂದು ಬೈಯುತ್ತಾಳೆಂದು ಕಾದೆ. ಅವಳು ಸೋಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಷ್ಟೊಂದು ದುಡ್ಡು ಕೊಟ್ಟು ತಂದವ್ಳೆ. ಮೈಗ್ ತಿಕ್ಕಿ ನೀರ್ಗೆ ಬುಡಕ್ಕಾದದಾ?"

ಸಮಾಜ ಪಾಠ ಮಾಡುವವಳು ನಾನು, ಸುಮ್ಮನಿರಲಾದೀತೆ? ಒಂದೇ ಸೋಪಿಗೆ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಯಾಕೆ ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ಹಡಗಿನ ಬಾಡಿಗೆ, ಅಲ್ಲಿಯ ಅಂಗಡಿ ಬಾಡಿಗೆ, ಆಳಿನ ಸಂಬಳ, ಸುಂಕ. ಎಲ್ಲಕ್ಕಿಂತ ಹೆಚ್ಚಾಗಿ, ಊರು ಬಿಟ್ಟವರು ಊರಿನ ವಾಸನೆಗೆ ಎಷ್ಟು ಕೇಳಿದರೂ ಕೊಡುತ್ತಾರೆಂದು ಅಂಗಡಿಯವನಿಗೆ ಗೊತ್ತು. ಎಳನೀರನ್ನೇ ನೋಡು ಅಂದೆ. ಮದ್ದೂರು ಮಾರುಕಟ್ಟೆಯಲ್ಲಿ ಅದಕ್ಕೊಂದು ಬೆಲೆ, ಅದೇ ಗೊನೆಯ ಕಾಯಿಗೆ ಬೆಂಗಳೂರಿನ ಆಸ್ಪತ್ರೆ ಮುಂದೆ ಇನ್ನೊಂದು ಬೆಲೆ. ಹಾಗಂತ ಒಳಗಿನ ನೀರು ಸಿಹಿಯಾಯಿತೇನು? ಅವ್ವ ಪೂರ್ತಿ ಕೇಳಿಸಿಕೊಂಡಳು.

"ಯಾಕ್ ಜಾಸ್ತಿ ಅನ್ನೋದು ಅಂಗ್ಡಿಯವ್ನ ಮಾತು ಕಣವ್ವ. ಜಾಸ್ತಿ ಆದ್ರೂವೆ ತಂದ್ಲಲ್ಲ," ಅಂದಳು.

ಅಲ್ಲಿಗೆ ನನ್ನ ಪಾಠ ಮುಗಿಯಿತು. ಅವ್ವನ ಲೆಕ್ಕದಲ್ಲಿ ಸೋಪು ಒಂದೇ, ಪ್ರೀತಿ ಮಾತ್ರ ಮೂರರಷ್ಟು. ಒಂದು ಸಲ ನಾನೂ ಸುಳ್ಳು ಹೇಳಿ ನೋಡಿದೆ, ಮಂಡ್ಯದಲ್ಲೂ ಈ ಸೋಪಿನ ಬೆಲೆ ಮೇಲೇರಿದೆ ಎಂದು. ಅವ್ವನಿಗೆ ಅಕ್ಷರ ಬಾರದು, ಆದರೆ ಬಸ್ಸಿನ ಟಿಕೇಟು ನೋಡಿ ನೋಡಿ ಅಂಕಿ ಚೆನ್ನಾಗಿ ಬರುತ್ತದೆ. ಡಬ್ಬಿ ತಿರುಗಿಸಿ, ಇಲ್ಲಿ ಬರೆದಿದೆಯಲ್ಲೇ ಎಂದು ಬೆರಳಿಟ್ಟು ತೋರಿಸಿದಳು. ನಮ್ಮ ದೇಶದಲ್ಲಿ ಪ್ರತಿಯೊಂದು ಪೊಟ್ಟಣದ ಮೇಲೂ ಬೆಲೆ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಪ್ರೀತಿಸುತ್ತೇನೆಂದು ಹೇಳಿಕೊಳ್ಳುವ ಹಾಗಿಲ್ಲ.

ಮೂರು ವರ್ಷದ ಹಿಂದೆ ಸುಧಾ ಬಂದಾಗ ನಡೆದದ್ದು ಇದು. ಅವಳು ಬಂದ ಮಾರನೆಯ ದಿನ ಶಾಲೆ ಬಿಟ್ಟು ಬರುವಾಗ ಮದ್ದೂರಿನ ಫ್ಯಾನ್ಸಿ ಸ್ಟೋರಿಗೆ ಹೋದೆ. ಹಿಂದೊಮ್ಮೆ ಬಳೆ ಕೊಳ್ಳಲು ಇಬ್ಬರೂ ಒಟ್ಟಿಗೆ ಹೋಗಿದ್ದರಿಂದ ಅಂಗಡಿಯವರಿಗೆ ಅವಳ ಮುಖಪರಿಚಯವಿತ್ತು.

"ನಿನ್ನೆ ನಿಮ್ ತಂಗೇರು ಬಂದಿದ್ರು ಮೇಡಮ್ಮೋರೆ," ಅಂದರು ಅಂಗಡಿಯವರು. "ಕಾರ್ ನಿಲ್ಸಿ ಆರು ಗಂಧದ ಸೋಪು ತಕಂಡೋದ್ರು. ವರ್ಸ ವರ್ಸವೂ ಬತ್ತಾರೆ."

ಆ ದಿನ ಮಂಡ್ಯದವರೆಗೆ ಬಸ್ಸಿನಲ್ಲಿ ನಿಂತೇ ಬಂದರೂ ನನಗೆ ಕಾಲು ನೋಯಲಿಲ್ಲ. ಮನೆಗೆ ಬಂದವಳೇ ಬೀರು ತೆರೆದು ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಬೆಲೆ ಇರಬೇಕಾದ ಕಡೆ ಬೆಳ್ಳಗೆ ಕೆರೆದ ಗುರುತು. ಇಷ್ಟು ವರ್ಷ ನನ್ನ ಕಣ್ಣಿಗೇಕೆ ಬೀಳಲಿಲ್ಲವೋ. ಸಂಜೆ ಅವ್ವನ ಮುಂದೆ ಇವನ್ನೆಲ್ಲ ಸಾಲಾಗಿ ಜೋಡಿಸುವುದೆಂದು ನಿಶ್ಚಯಿಸಿ, ಅದಕ್ಕೂ ಮೊದಲು ಕಳ್ಳಿಯ ಮುಖ ನೋಡೋಣವೆಂದು ಮಹಡಿ ಹತ್ತಿದೆ. ಸುಧಾ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. ಅವಳಿಗೆ ತಿಳಿದುಹೋಯಿತು.

ಮೊದಲ ವರ್ಷದ್ದನ್ನು ನಿಜವಾಗಿಯೂ ಅಲ್ಲೇ ಕೊಂಡಿದ್ದಳಂತೆ. ಆಮೇಲೆ ಗಂಡನ ಸಂಬಳದಲ್ಲಿ ಆಗಲಿಲ್ಲವಂತೆ. ಈಗಲೂ ಅಲ್ಲಿಯ ಅಂಗಡಿಗೆ ಹೋದಾಗ ಆ ಸೋಪನ್ನು ಕೈಗೆತ್ತಿಕೊಂಡು, ಮೂಸಿ, ವಾಪಸು ಇಟ್ಟು ಬರುತ್ತಾಳಂತೆ. ಇಷ್ಟು ಹೇಳಿ ಅವ್ವನ ಸೀರೆ ಮಡಚುತ್ತ ನಿಂತಳು.

"ನೀನು ದಿನಾ ಅವ್ವನ ಬೆನ್ನು ಉಜ್ತೀಯ ಕಣಕ್ಕ. ನಾನು ವರ್ಸಕ್ಕೊಂದ್ಸಲ ಬರೋಳು. ನಂದಕ್ಕೆ ಬೆಲೆನಾದ್ರೂ ಜಾಸ್ತಿ ಇರ್ಲಿ ಅಂತ ಪಿನ್ನಲ್ಲಿ ಕೆರ್ದುಬುಡ್ತೀನಿ."

ಆಗ ನನಗೆ ಕನಿಕರ ಬಂತು ಎಂದು ಬರೆಯಬಹುದು. ಬಂದದ್ದು ನಿಜವೇ. ಆದರೆ ಅದಕ್ಕಿಂತ ಮೊದಲು ಬಂದದ್ದು ಖುಷಿ. ಇಷ್ಟು ವರ್ಷ ನಾನೊಬ್ಬಳೇ ಉರಿದುಕೊಂಡೆ ಅಂದುಕೊಂಡಿದ್ದೆ. ಅತ್ತ ಅವಳೂ ನನ್ನ ಮೇಲೆ ಉರಿದುಕೊಳ್ಳುತ್ತಿದ್ದಳು. ಡಬ್ಬಿಯನ್ನು ಬೀರುವಿನಲ್ಲಿ ಇದ್ದ ಜಾಗದಲ್ಲೇ ಇಟ್ಟೆ. ಅವ್ವನಿಗೆ ಹೇಳಲಿಲ್ಲ.

ಹೇಳದಿದ್ದರೆ ಹೊಟ್ಟೆಕಿಚ್ಚು ಆರುತ್ತದೆಯೇ? ಇಲ್ಲವೆಂಬುದು ಇವತ್ತು ಬೆಳಿಗ್ಗೆ ಬೀರು ತೆರೆದಾಗ ಗೊತ್ತಾಯಿತು. ಒಂದೇ ಒಂದು ಸಲ ನಾನು ತಂದ ಸೋಪೂ ಆ ಸೀರೆಗಳ ನಡುವೆ ಕೂರಬೇಕು ಅನ್ನಿಸಿತು. ಮದುವೆ ಊಟ ಮುಗಿಸಿ, ಅವ್ವನನ್ನು ಮನೆಗೆ ಬಿಟ್ಟು, ಪೇಟೆ ಬೀದಿಗೆ ಹೋಗಿ ಒಂದು ಸೋಪು ಕೊಂಡೆ. ಆಟೋದಲ್ಲಿ ಕೂತು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಬೆಲೆಯನ್ನು ನೀಟಾಗಿ ಕೆರೆದೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಅವ್ವನ ಕಣ್ಣು ಈಗ ಮಂಜು. ಸೋಪನ್ನು ಕೈಗಿಟ್ಟೆ. ಅವಳು ಅದನ್ನು ಮೂಸಲಿಲ್ಲ. ಡಬ್ಬಿ ತಿರುಗಿಸಿ, ಕೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಮುಖ ಅರಳಿತು.

"ಸುಧಾ ಬಂದವ್ಳಾ?"

"ಇಲ್ಲ ಕಣವ್ವ, ಕಳ್ಸವ್ಳೆ," ಅಂದೆ.

ಅವ್ವ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಸೋಪನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಳು. ಬಾಗಿಲು ಹಾಕುತ್ತ ಅಂದಳು:

"ಬಚ್ಚಲಲ್ಲಿ ಸೋಪು ಸವ್ದೋಗದೆ. ನಾಳೆ ನಿಂದೊಂದು ತಕಬಾ, ರೇಟು ಇರೋದು."

ತರುತ್ತೇನೆ ಅಂದೆ.